‘ನನ್ನ ಬದುಕಿನಲ್ಲಿ ಬರೆಯುವಂಥದ್ದು ಏನೂ ಇಲ್ಲ ಮೇಡಂ’

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯವಳು. ಈಗ ಬಳ್ಳಾರಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ದ್ವಿತೀಯ ಪಿಯು ವಿಜ್ಞಾನ ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಆನರ್ಸ್ ಕಾಲೇಜಿಗೆ, ಜೊತೆಗೆ ನಮ್ಮ ದೇಶದ ಎರಡು ಖಾಸಗಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬೇಕು ಅಂತ ಆಸೆ. ಎಲ್ಲ ಕಡೆ ‘ನಿಮ್ಮ ಬಗ್ಗೆ ಬರೆಯಿರಿ’ ಅನ್ನುತ್ತಾರೆ. ಒಂದು ಪ್ರಬಂಧ 650 ಪದ. ಇನ್ನೊಂದರಲ್ಲಿ ‘ನೀವು ಅಭಿಪ್ರಾಯ ಬದಲಿಸಿಕೊಂಡ ಒಂದು ಸಂದರ್ಭ’ ಕೇಳಿದ್ದಾರೆ. ನಾನು ನ್ಯಾಷನಲ್ ಲೆವೆಲ್‌ನಲ್ಲಿ ಏನೂ ಗೆದ್ದಿಲ್ಲ. ಗೆಳತಿ ಹೇಳುತ್ತಾಳೆ, ಡ್ಯಾಮ್ ಗೇಟ್ ಮುರಿದಿದ್ದು, ಅಪ್ಪನ ಸಾಲ, ಬಡತನ ಇದನ್ನೆಲ್ಲ ಬರೆ, ಅವರಿಗೆ ಅದೇ ಇಷ್ಟ ಅಂತ. ಬೆಂಗಳೂರಿನ ಒಂದು ಏಜೆನ್ಸಿ 45 ಸಾವಿರಕ್ಕೆ ಬರೆದುಕೊಡುತ್ತೇವೆ ಅನ್ನುತ್ತದೆ. ಚಾಟ್‌ಜಿಪಿಟಿ ಕೈಯಲ್ಲಿ ಬರೆಸಿದರೆ ಗೊತ್ತಾಗುತ್ತಾ? ಅಪ್ಪ ಕೇಳುವುದು ಒಂದೇ: ಆನರ್ಸ್ ಸಿಕ್ಕರೆ ಫೀಸ್ ಮಾಫಿ ಆಗುತ್ತಾ? ನಮ್ಮಪ್ಪ ನೆಲ್ಲು ಹಲ್ಲಲ್ಲಿ ಕಚ್ಚಿ ನೋಡಿ ಎಷ್ಟು ಹಸಿ ಇದೆ ಅಂತ ಹೇಳುವವರು. ಅಂಥ ಮನೆಯಲ್ಲಿ ಕೂತು ನಾನು ಏನು ಬರೆಯಲಿ ಮೇಡಂ? ನನ್ನ ಬದುಕಿನಲ್ಲಿ ಬರೆಯುವಂಥದ್ದು ಏನೂ ಇಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಐದಾರು ಪ್ರಶ್ನೆ ಕೇಳಿದ್ದೀರಿ. ಅವುಗಳ ಕೆಳಗೆ ಇರುವುದು ಎರಡೇ ಭಯ. ನನ್ನ ಬದುಕು ಇದಕ್ಕೆ ಸಾಕಾ? ನನ್ನ ಇಂಗ್ಲಿಷ್ ಇದಕ್ಕೆ ಸಾಕಾ? ಬಳ್ಳಾರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಕಳೆದ ಎಂಟೊಂಬತ್ತು ವರ್ಷದಿಂದ ಇಂಥ ಅರ್ಜಿ ಬರೆಯುವ ಮಕ್ಕಳ ಜೊತೆ ಕೂರುತ್ತಿದ್ದೇನೆ. ರಾಯಚೂರು, ಸಿಂಧನೂರು, ಕುಷ್ಟಗಿ, ಸಂಡೂರು, ಎಲ್ಲಿಂದ ಬಂದವರೂ ಮೊದಲ ದಿನ ಹೇಳುವುದು ನಿಮ್ಮ ಕೊನೆಯ ವಾಕ್ಯವನ್ನೇ. ಅದಕ್ಕೆ ಮುಂಚೆ ನೀವು ಬರೆದ ಇನ್ನೊಂದು ವಾಕ್ಯ ಇದೆ, ಅಪ್ಪ ನೆಲ್ಲು ಕಚ್ಚಿ ನೋಡುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಪ್ಪನ ಪ್ರಶ್ನೆ ಮುಗಿಸೋಣ. ಹಣದ ಲೆಕ್ಕ ಗೊತ್ತಿಲ್ಲದೆ ಪ್ರಬಂಧಕ್ಕೆ ಕೂತರೆ ತಿಂಗಳುಗಟ್ಟಲೆ ಶ್ರಮ ನೀರಿಗೆ ಹೋಗಬಹುದು.

ಆನರ್ಸ್ ಅಂದರೆ ಸ್ಕಾಲರ್‌ಶಿಪ್ ಅಲ್ಲ. ಅಮೆರಿಕದಲ್ಲಿ ಆನರ್ಸ್ ಕಾಲೇಜು ಅಂದರೆ ದೊಡ್ಡ ವಿಶ್ವವಿದ್ಯಾಲಯದ ಒಳಗೇ ಇರುವ ಒಂದು ಸಣ್ಣ ಗುಂಪು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ಯಾರೆಟ್ ಇದೆ, ಪೆನ್ ಸ್ಟೇಟ್‌ನಲ್ಲಿ ಶ್ರೈಯರ್ ಇದೆ. ಸಣ್ಣ ಕ್ಲಾಸು, ಜಾಸ್ತಿ ಓದು, ಜಾಸ್ತಿ ಚರ್ಚೆ, ಕೊನೆಗೆ ಒಂದು ಪ್ರೌಢ ಪ್ರಬಂಧ ಬರೆಯಲೇಬೇಕು. ಕೆಲವು ಕಡೆ ಆನರ್ಸ್‌ಗೆ ಅಂತಲೇ ಬೇರೆ ಶುಲ್ಕ ಕಟ್ಟಬೇಕು. ಬ್ಯಾರೆಟ್‌ನಲ್ಲಿ ಹಾಗಿದೆ. ಕೆಲವು ಕಡೆ ಆನರ್ಸ್ ಜೊತೆ ಸ್ವಲ್ಪ ನೆರವೂ ಬರುತ್ತದೆ. ಆದರೆ ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಹೊರದೇಶದ ವಿದ್ಯಾರ್ಥಿಯ ಮನೆಯ ಪರಿಸ್ಥಿತಿ ನೋಡಿ ಪೂರ್ತಿ ಖರ್ಚು ಹೊರುವುದಿಲ್ಲ. ಹಾಗೆ ಹೊರುವುದು ಹಾರ್ವರ್ಡ್, ಎಂಐಟಿ, ಆಮ್ಹರ್ಸ್ಟ್ ತರಹದ ಬೆರಳೆಣಿಕೆಯ ಖಾಸಗಿ ಸಂಸ್ಥೆಗಳು. ಅಲ್ಲಿ ಸೀಟು ಸಿಗುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ಇನ್ನು ವೀಸಾ ಹಂತದಲ್ಲಿ, ಕನಿಷ್ಠ ಮೊದಲ ವರ್ಷದ ಖರ್ಚಿಗೆ ಹಣ ಎಲ್ಲಿದೆ ಅಂತ ದಾಖಲೆ ತೋರಿಸಬೇಕಾಗುತ್ತದೆ. ಇದನ್ನು ಏಜೆನ್ಸಿಯವರು ಕೊನೆಗೆ ಹೇಳುತ್ತಾರೆ. ನೀವು ಮೊದಲೇ ಕೇಳಿ. ವಿಶ್ವವಿದ್ಯಾಲಯದ ಪ್ರವೇಶ ಕಚೇರಿಗೆ ನೀವೇ ಒಂದು ಇಮೇಲ್ ಹಾಕಿ, ‘ಭಾರತದಿಂದ ಬರುವ, ಇಷ್ಟು ವರಮಾನದ ಕುಟುಂಬದ ವಿದ್ಯಾರ್ಥಿಗೆ ಹೆಚ್ಚೆಂದರೆ ಎಷ್ಟು ನೆರವು ಸಿಗಬಹುದು’ ಅಂತ. ಅವರು ಉತ್ತರ ಕೊಡುತ್ತಾರೆ. ಅರ್ಜಿ ಶುಲ್ಕ ಕಟ್ಟಲು ಆಗದಿದ್ದರೆ ವಿನಾಯಿತಿ ಇದೆಯಾ ಅಂತಲೂ ಅದೇ ಇಮೇಲ್‌ನಲ್ಲಿ ಕೇಳಿ.

ನಮ್ಮ ದೇಶದ ಎರಡು ಯಾವುವು ಅಂತ ನೀವು ಬರೆದಿಲ್ಲ. ಅಶೋಕ ಮತ್ತು ಕ್ರಿಯಾ ವಿಶ್ವವಿದ್ಯಾಲಯಗಳು ಅರ್ಜಿಯಲ್ಲೇ ಬರಹ ಕೇಳುತ್ತವೆ, ಮನೆಯ ಪರಿಸ್ಥಿತಿ ನೋಡಿ ನೆರವನ್ನೂ ಕೊಡುತ್ತವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಬಿ.ಎ., ಬಿ.ಎಸ್ಸಿ. ಆನರ್ಸ್‌ಗೆ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ಇದೆ, ಕಡಿಮೆ ವರಮಾನದವರಿಗೆ ಶುಲ್ಕದಲ್ಲಿ ದೊಡ್ಡ ವಿನಾಯಿತಿ ಇದೆ. ನನ್ನ ಸ್ಪಷ್ಟ ಅಭಿಪ್ರಾಯ ಕೇಳಿದರೆ, ಇಂಥ ಒಂದು ಅರ್ಜಿಯಾದರೂ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು. ಅಮೆರಿಕದ್ದು ಆದರೆ ಆಗಲಿ. ಅಪ್ಪನಿಗೆ ಧೈರ್ಯ ಬರುವುದು ಇದರಿಂದ.

‘ಆನರ್ಸ್’ ಅನ್ನುವ ಪದದಿಂದಲೂ ಗೊಂದಲ ಆಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಆನರ್ಸ್ ಪದವಿಗೆ ಸೀಟು ಕೊಡುವುದು ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕದ ಮೇಲೆ, ಪ್ರಬಂಧ ಬೇಕಿಲ್ಲ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೇವೆ. ಇಂಗ್ಲೆಂಡ್‌ನಲ್ಲಿ ಮಾಮೂಲಿ ಪದವಿಗೇ ಆನರ್ಸ್ ಅನ್ನುತ್ತಾರೆ. ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವ್ಯವಸ್ಥೆ ಯುಕಾಸ್. ಅದರಲ್ಲಿ ನಿಮ್ಮ ಬಗ್ಗೆ ಬರೆಯುವ ಹೇಳಿಕೆ ಒಟ್ಟು 4,000 ಅಕ್ಷರ, ಅದನ್ನು 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಅವರು ಕೇಳುವುದು ಮುಖ್ಯವಾಗಿ ‘ಈ ವಿಷಯ ಯಾಕೆ, ಅದಕ್ಕೆ ಏನು ತಯಾರಿ ಮಾಡಿದ್ದೀರಿ’ ಅಂತ. ಅಮೆರಿಕದವರು ಕೇಳುವುದು ಮನುಷ್ಯನ ಬಗ್ಗೆ. ಒಂದಕ್ಕೆ ಬರೆದದ್ದನ್ನು ಇನ್ನೊಂದಕ್ಕೆ ಹಾಕಿದರೆ ಎರಡೂ ಕೆಡುತ್ತವೆ.

ಅವರಿಗೆ ಪ್ರಬಂಧ ಯಾಕೆ ಬೇಕು ಅನ್ನುವುದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಅಮೆರಿಕದಲ್ಲಿ ಈ ಆನರ್ಸ್ ಪದ್ಧತಿಗೆ ಗಟ್ಟಿ ರೂಪ ಕೊಟ್ಟವರಲ್ಲಿ ಫ್ರ್ಯಾಂಕ್ ಏಡಲಾಟ್ ಮುಖ್ಯರು. ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು. ಅಲ್ಲಿ ಗುರು-ಶಿಷ್ಯರು ಎದುರುಬದುರು ಕೂತು ವಾದ ಮಾಡುತ್ತಾ ಕಲಿಯುವುದನ್ನು ನೋಡಿದ್ದರು. 1921ರಲ್ಲಿ ಸ್ವಾರ್ತ್‌ಮೋರ್ ಕಾಲೇಜಿನ ಅಧ್ಯಕ್ಷರಾಗಿ, ಮರುವರ್ಷವೇ ಅಲ್ಲಿ ಆನರ್ಸ್ ಶುರು ಮಾಡಿದರು. ಕೆಲವೇ ವಿದ್ಯಾರ್ಥಿಗಳು ಒಂದು ಮೇಜಿನ ಸುತ್ತ ಕೂರುತ್ತಾರೆ, ಬರೆದು ತಂದದ್ದನ್ನು ಎಲ್ಲರೂ ಸೇರಿ ಜಾಲಾಡುತ್ತಾರೆ, ಪರೀಕ್ಷೆ ಮಾಡಲು ಹೊರಗಿನವರು ಬರುತ್ತಾರೆ. ಇವತ್ತಿಗೂ ಆನರ್ಸ್ ಕ್ಲಾಸಿನ ಜೀವ ಅದೇ ಮೇಜು. ಆ ಮೇಜಿಗೆ ಯಾರು ಬೇಕು ಅಂತ ಯೋಚಿಸಿ. ಶೇ 96 ತೆಗೆದವರು ಸಾವಿರಾರು ಜನ ಅರ್ಜಿ ಹಾಕಿರುತ್ತಾರೆ. ಅಂಕಪಟ್ಟಿ ಅವರನ್ನು ಬೇರೆ ಬೇರೆ ಮಾಡಿ ತೋರಿಸುವುದಿಲ್ಲ. ಒಂದು ವಿಷಯ ಸಿಕ್ಕರೆ ಈ ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾಳಾ, ತನ್ನ ತಪ್ಪು ಕಂಡಾಗ ಒಪ್ಪುತ್ತಾಳಾ, ಇನ್ನೊಬ್ಬರ ಮಾತು ಕೇಳುತ್ತಾಳಾ? ಇದನ್ನು ನೋಡಲಿಕ್ಕೆ ಅವರಿಗೆ ಇರುವ ದಾರಿ ಪ್ರಬಂಧ. ನಿಮ್ಮ ಎರಡನೇ ಪ್ರಶ್ನೆ, ಅಭಿಪ್ರಾಯ ಬದಲಾದದ್ದು, ನೇರವಾಗಿ ಅದನ್ನೇ ಕೇಳುತ್ತಿದೆ.

ಈಗ ಗೆಳತಿಯ ಮಾತು. ಬಡತನ ಬರೆ, ಅವರಿಗೆ ಅದೇ ಇಷ್ಟ ಅನ್ನುವುದು. ಇದು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿದೆ. ನನಗೆ ಇದರಿಂದ ನಿಜವಾಗಿ ಸಂಕಟ ಆಗುತ್ತದೆ. ‘ಹಿಂದುಳಿದ ಜಿಲ್ಲೆ’ ಅನ್ನುವ ಪದವನ್ನು ಚಿಕ್ಕಂದಿನಿಂದ ಕೇಳಿ ಕೇಳಿ, ತಮ್ಮ ಬಗ್ಗೆ ಬರೆಯಿರಿ ಅಂದ ತಕ್ಷಣ ಮಕ್ಕಳ ಕೈ ತಾನಾಗಿ ಅದನ್ನೇ ಬರೆಯುತ್ತದೆ. ಕಷ್ಟವನ್ನು ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಕಷ್ಟ ಇದ್ದರೆ ಅದು ಅರ್ಜಿಯಲ್ಲಿ ಬರಲಿ. ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಮನೆಯ ಸಂದರ್ಭ, ತೊಂದರೆಗಳನ್ನು ಹೇಳಲು ಪ್ರಬಂಧದ ಹೊರಗೆ ಬೇರೆ ಜಾಗವೇ ಇದೆ. ಬೆಳೆ ಹೋಯಿತು, ಸಾಲ ಆಯಿತು, ಆ ವರ್ಷ ಅಂಕ ಕಡಿಮೆ ಆಯಿತು, ಅಂತ ಅಲ್ಲಿ ನಾಲ್ಕು ಸಾಲಿನಲ್ಲಿ ಬರೆಯಿರಿ. ಪ್ರಬಂಧದಲ್ಲಿ ಬರೀ ಕಷ್ಟವೇ ತುಂಬಿದರೆ ಓದುವವರಿಗೆ ಅಯ್ಯೋ ಅನ್ನಿಸುತ್ತದೆ, ಅಷ್ಟೇ. ನೀವು ಯಾರು ಅಂತ ಗೊತ್ತಾಗುವುದಿಲ್ಲ.

ಡ್ಯಾಮ್ ಗೇಟ್‌ನ ವಿಷಯವೂ ಹಾಗೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಒಂದು ವಾರ ನಮ್ಮ ಕಡೆ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಕೂರಿಸಿ ನೀರು ನಿಲ್ಲಿಸಿದ ದಿನ ನಾನೂ ದೇವರಿಗೆ ಕೈ ಮುಗಿದಿದ್ದೆ. ಆದರೆ ಅದು ಇಡೀ ಸೀಮೆಯ ಕತೆ. ಆ ವಾರ ನೀವು ಏನು ಮಾಡಿದಿರಿ, ಏನು ಲೆಕ್ಕ ಹಾಕಿದಿರಿ, ಯಾರ ಮಾತು ನಂಬಿದಿರಿ, ಅದು ಮಾತ್ರ ನಿಮ್ಮ ಕತೆ. ಹಾಗೆ ಏನಾದರೂ ಇದ್ದರೆ ಬರೆಯಿರಿ. ಟಿವಿಯಲ್ಲಿ ನೋಡಿದ್ದು ಮಾತ್ರ ಆದರೆ ಬಿಡಿ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನ ಒಪ್ಪಿಗೆ ಕೇಳಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ರಾಯಚೂರು ಜಿಲ್ಲೆಯವನು. ಅಪ್ಪ-ಅವ್ವ ವರ್ಷದಲ್ಲಿ ಎಂಟು ತಿಂಗಳು ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು, ಕಟ್ಟಡದ ಕೆಲಸಕ್ಕೆ. ಇವನು ಅಜ್ಜಿಯ ಜೊತೆ ಊರಲ್ಲಿ. ಮೊದಲ ಡ್ರಾಫ್ಟ್ ತಂದ. ‘ನಾನು ಭಾರತದ ಅತ್ಯಂತ ಹಿಂದುಳಿದ ಜಿಲ್ಲೆಯೊಂದರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದೆ’ ಅಂತ ಶುರು. ‘ಮುಂದೆ ಓದಿ ಬಡತನವನ್ನು ಹೋಗಲಾಡಿಸುತ್ತೇನೆ’ ಅಂತ ಮುಕ್ತಾಯ. ನಡುವೆ ಅವನೇ ಇರಲಿಲ್ಲ.

ಹಾಳೆ ಪಕ್ಕಕ್ಕಿಟ್ಟು ಸುಮ್ನೆ ಮಾತಾಡಿದೆವು. ಅವ್ವ ಫೋನ್ ಮಾಡುತ್ತಿದ್ದರಾ ಅಂತ ಕೇಳಿದೆ. ‘ಭಾನುವಾರ ಮಾಡತಿದ್ಳರಿ. ಬಟವಾಡಿ ಆಗಿದ್ರ ಫೋನ್, ಆಗಿಲ್ಲಂದ್ರ ಮಿಸ್ಡ್ ಕಾಲ್’ ಅಂದ. ಅದು ಹೇಗೆ ಗೊತ್ತು ಅಂದೆ. ‘ಬರದಿಟ್ಟೀನ್ರಿ’ ಅಂದ.

ಮರುವಾರ ಆ ನೋಟ್‌ಬುಕ್ ತಂದು ತೋರಿಸಿದ. ಎಂಟನೇ ತರಗತಿಯ ಗಣಿತದ ನೋಟ್‌ಬುಕ್, ಹಿಂದಿನ ಪುಟಗಳು. ಪೆನ್ಸಿಲ್‌ನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ್ದ. ತಾರೀಖು, ಎಷ್ಟು ಗಂಟೆಗೆ, ಫೋನ್ ಅಥವಾ ಮಿ. ಕೆಲವು ಕಡೆ ‘ಬೇರೆ ನಂಬರ್’ ಅಂತ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಒಂದು ಪುಟದ ಮೂಲೆಯಲ್ಲಿ ಎಣ್ಣೆಯ ಕಲೆ. ಅದು ಅಜ್ಜಿಯ ಕೈದು ಅಂದ. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಆದರೆ ಭಾನುವಾರ ಬಂದು ‘ಬರದೇನು?’ ಅಂತ ಆ ಪುಟ ಮುಟ್ಟಿ ನೋಡುತ್ತಿದ್ದಳಂತೆ.

ಮೊದಮೊದಲು ಮಿಸ್ಡ್ ಕಾಲ್ ಬಂದಾಗ, ಅವ್ವನಿಗೆ ತನ್ನ ಮೇಲೆ ಸಿಟ್ಟು ಅಂದುಕೊಂಡಿದ್ದನಂತೆ. ಬರೆದಿಡಲು ಶುರು ಮಾಡಿದ್ದೇ ಆ ಸಿಟ್ಟಿನ ಲೆಕ್ಕ ಇಡಲು. ನಾಲ್ಕೈದು ತಿಂಗಳಾದ ಮೇಲೆ ನೋಡಿದರೆ, ಮಿಸ್ಡ್ ಕಾಲ್‌ಗಳು ಒಟ್ಟೊಟ್ಟಿಗೆ ಬರುತ್ತಿದ್ದವು. ಎರಡು ಭಾನುವಾರ, ಮೂರು ಭಾನುವಾರ ಸಾಲಾಗಿ. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಅಪ್ಪನನ್ನು ಕೇಳಿದ. ಆ ತಾರೀಖುಗಳಲ್ಲಿ ಏನಾಗಿತ್ತು ಅಂತ. ಸ್ಲ್ಯಾಬ್ ಹಾಕಿದ ಮೇಲೆ ಕೆಲಸ ಸ್ವಲ್ಪ ದಿನ ನಿಲ್ಲುತ್ತಿತ್ತು, ಗುತ್ತಿಗೆದಾರ ಬಟವಾಡೆ ತಳ್ಳುತ್ತಿದ್ದ, ಫೋನಿಗೆ ರೀಚಾರ್ಜ್ ಮಾಡಲು ದುಡ್ಡಿರುತ್ತಿರಲಿಲ್ಲ. ಸಿಟ್ಟು ಅಂದುಕೊಂಡದ್ದು ಸಿಟ್ಟಲ್ಲ. ಮುಂದಿನ ಸಲದಿಂದ ಅಪ್ಪ ಸ್ಲ್ಯಾಬಿಗೆ ಮುಂಚೆಯೇ ಬಾಕಿ ಕೇಳಲು ಶುರು ಮಾಡಿದರು. ಕೆಲವು ಸಲ ಸಿಕ್ಕಿತು, ಕೆಲವು ಸಲ ಇಲ್ಲ.

ಪ್ರಬಂಧ ಅಲ್ಲೇ ಇತ್ತು, ಅಲ್ವಾ? ಹದಿಮೂರು ವರ್ಷದ ಹುಡುಗ ಒಂದು ತಪ್ಪು ಊಹೆ ಮಾಡಿದ, ಅದನ್ನು ಪರೀಕ್ಷೆ ಮಾಡಲು ಲೆಕ್ಕ ಇಟ್ಟ, ಲೆಕ್ಕ ಬೇರೆಯೇ ಹೇಳಿತು, ಅದನ್ನು ನಂಬಿ ಮನಸ್ಸು ಬದಲಿಸಿಕೊಂಡ. ಬಡತನ ಅನ್ನುವ ಪದ ಒಂದು ಸಲವೂ ಬರದೆ ಬಡತನ ಅಲ್ಲಿ ಇದೆ. ಅವನು ಬರೆದ ಹೊಸ ಪ್ರಬಂಧ ಒಂದು ಭಾನುವಾರದ ಮಿಸ್ಡ್ ಕಾಲ್‌ನಿಂದ ಶುರುವಾಯಿತು. ಗುಳೆ, ಬಟವಾಡೆ ಅನ್ನುವ ಪದಗಳನ್ನು ಹಾಗೆಯೇ ಉಳಿಸಿಕೊಂಡ, ಪಕ್ಕದಲ್ಲೇ ಅರ್ಧ ಸಾಲಿನಲ್ಲಿ ಅರ್ಥ ಹೇಳಿದ. ಕೊನೆಯ ಪ್ಯಾರಾಕ್ಕೆ ಮಾತ್ರ ನಮ್ಮಿಬ್ಬರಿಗೂ ಜಗಳ. ‘ಬಡತನ ಹೋಗಲಾಡಿಸುತ್ತೇನೆ’ ಇರಲೇಬೇಕು ಅಂತ ಅವನ ಹಟ. ಅದು ಇದ್ದರೆ ಪ್ರಬಂಧ ಭಾಷಣ ಆಗುತ್ತದೆ ಅಂತ ನಾನು. ಎರಡು ವಾರ ಬಿಟ್ಟು ಅವನೇ ತೆಗೆದ. ‘ಗುತ್ತಿಗೆದಾರ ಕೊಡದಿದ್ದ ವಾರಗಳಿಗೆ ಕಾರಣ ನನಗೆ ಇನ್ನೂ ಸಿಕ್ಕಿಲ್ಲ’ ಅಂತ ನಿಲ್ಲಿಸಿದ.

ಅವನಿಗೆ ಬೆಂಗಳೂರಿನಲ್ಲಿ ಆನರ್ಸ್ ಸೀಟು ಸಿಕ್ಕಿತು. ಪ್ರಬಂಧ ಒಂದರಿಂದಲೇ ಸಿಕ್ಕಿತು ಅಂತ ನಾನು ಹೇಳಲಾರೆ. ಅಂಕವೂ ಇತ್ತು, ಸಂದರ್ಶನದಲ್ಲೂ ಚೆನ್ನಾಗಿ ಮಾತಾಡಿದ. ಅದೇ ವರ್ಷ ಅಷ್ಟೇ ಒಳ್ಳೆಯ ಪ್ರಬಂಧ ಬರೆದ ಇನ್ನೊಬ್ಬಳಿಗೆ ಸಿಗಲಿಲ್ಲ. ಇದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. ‘ನಮ್ಮಪ್ಪ ನೆಲ್ಲು ಹಲ್ಲಲ್ಲಿ ಕಚ್ಚಿ ನೋಡಿ ಎಷ್ಟು ಹಸಿ ಇದೆ ಅಂತ ಹೇಳುವವರು.’ ಇದನ್ನು ನೀವು ನಾಚಿಕೆಯಿಂದ ಬರೆದಿದ್ದೀರಿ. ನಾನು ಓದುತ್ತಾ ಅಲ್ಲೇ ನಿಂತೆ. ಬೆಂಬಲ ಬೆಲೆಯಲ್ಲಿ ಭತ್ತ ಕೊಳ್ಳುವಾಗ ತೇವಾಂಶ ಶೇ 17 ಮೀರಬಾರದು ಅಂತ ನಿಯಮ ಇದೆ. ಅದನ್ನು ಮೀಟರ್ ಹೇಳುತ್ತದೆ. ನಿಮ್ಮಪ್ಪನ ಹಲ್ಲು ಏನು ಹೇಳುತ್ತದೆ? ಕಟ್ ಅಂತ ಮುರಿದರೆ ಒಣಗಿದೆ, ಮೆತ್ತಗೆ ಚಪ್ಪಟೆ ಆದರೆ ಹಸಿ. ದಲಾಲಿ ಅಂಗಡಿಯಲ್ಲಿ ‘ಹಸಿ ಐತಿ’ ಅಂತ ಚೀಲಕ್ಕೆ ಸೂಟು (ತೂಕದಲ್ಲಿ ಕಡಿತ) ಮುರಿದಾಗ ಅಪ್ಪ ವಾದ ಮಾಡಿದ್ದಾರಾ? 75 ಕೆಜಿಯ ಚೀಲದಲ್ಲಿ ಒಂದು ಕೆಜಿ ಕಳೆದರೂ ಇಡೀ ಲೋಡಿಗೆ ಎಷ್ಟಾಗುತ್ತದೆ ಅಂತ ನೀವು ಲೆಕ್ಕ ಹಾಕಿದ್ದೀರಾ? ಮೀಟರ್ ಬಂದ ಮೇಲೆ ಅಪ್ಪ ಅದನ್ನು ನಂಬಿದರಾ, ಇಲ್ಲವಾ? ವಿಜ್ಞಾನ ಓದುವ ನೀವು ಯಾರ ಕಡೆ ಇದ್ದಿರಿ? ಅದರ ಬಗ್ಗೆ ಮನೆಯಲ್ಲಿ ಮಾತು ಬೆಳೆದಿದೆಯಾ?

ಇದಕ್ಕೆಲ್ಲ ಉತ್ತರ ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಒಂದು ಎಚ್ಚರಿಕೆ ಮಾತ್ರ. ಆಗದೇ ಇದ್ದದ್ದನ್ನು ಆಗಿದೆ ಅಂತ ಬರೆಯಬೇಡಿ. ಅಪ್ಪನ ಹಲ್ಲಿಗೂ ಮೀಟರಿಗೂ ಹೋಲಿಸಿ ಪ್ರಯೋಗ ಮಾಡಿದೆ ಅಂತ ಕಟ್ಟುಕತೆ ಕಟ್ಟಬೇಡಿ. ಮಾಡಿಲ್ಲದಿದ್ದರೆ ಈಗ ಮಾಡಿ. ಮುಂಗಾರು ಭತ್ತದ ಕೊಯ್ಲು ಬರುವುದು ನವೆಂಬರ್ ಹೊತ್ತಿಗೆ. ಹೆಚ್ಚಿನ ಅರ್ಜಿಗಳ ಕೊನೆಯ ದಿನ ಜನವರಿ ಆಸುಪಾಸು. ಅಪ್ಪ ಕಚ್ಚಿ ಒಂದು ಅಂಕಿ ಹೇಳಲಿ, ಬರೆದುಕೊಳ್ಳಿ, ಆಮೇಲೆ ಮೀಟರ್ ನೋಡಿ. ಇಪ್ಪತ್ತು ಸಲ ಮಾಡಿ. ಅಪ್ಪ ಸರಿ ಬಂದರೂ ಬರೆಯಬಹುದು, ತಪ್ಪಿದರೂ ಬರೆಯಬಹುದು. ‘ನಾನು ಏನು ಅಂದುಕೊಂಡಿದ್ದೆ, ಏನು ಕಂಡೆ’ ಅನ್ನುವುದೇ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಆಗಬಹುದು. ಅಥವಾ ನೆಲ್ಲು ಬೇಡ, ನಿಮ್ಮ ಮನಸ್ಸಿನಲ್ಲಿ ಬೇರೆ ಏನೋ ಓಡುತ್ತಿದೆ ಅಂದರೆ ಅದನ್ನು ಹಿಡಿಯಿರಿ. ವಿಷಯ ಚಿಕ್ಕದಿರಲಿ. ನಿಮಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರುವುದಾಗಿರಲಿ.

ಇನ್ನು ಇಂಗ್ಲಿಷ್. ಇಲ್ಲಿ ಎರಡು ಮಾತು ಬೇರೆ ಬೇರೆ ಮಾಡಿ ಹೇಳಬೇಕು. ಪ್ರಬಂಧಕ್ಕೆ ಬೇಕಾದ ಇಂಗ್ಲಿಷ್ ನಿಮ್ಮ ಹತ್ತಿರ ಇದೆ. ದೊಡ್ಡ ಪದ ಬೇಕಿಲ್ಲ. ಪ್ರಪಂಚದ ಎಲ್ಲ ಕಡೆಯಿಂದ ಬರುವ ಬರಹ ಓದುವ ಜನ ಅವರು. ಸಣ್ಣ ವಾಕ್ಯ, ಸರಿಯಾದ ಕ್ರಿಯಾಪದ, ಕಣ್ಣಿಗೆ ಕಾಣುವ ವಸ್ತು, ಇಷ್ಟಿದ್ದರೆ ಸಾಕು. ನಾನು ಮಕ್ಕಳಿಗೆ ಹೇಳುವುದು, ಮೊದಲು ಗೆಳತಿಗೆ ಹೇಳುವ ಹಾಗೆ ಫೋನ್‌ನಲ್ಲಿ ಕನ್ನಡದಲ್ಲೇ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ಹತ್ತು ನಿಮಿಷ. ಆಮೇಲೆ ಅದನ್ನು ಕೇಳಿ, ಮುಖ್ಯ ಅನ್ನಿಸಿದ್ದನ್ನು ಕನ್ನಡದಲ್ಲಿ ಬರೆಯಿರಿ. ಎರಡು ದಿನ ಬಿಡಿ. ನಂತರ ಕನ್ನಡದ ಹಾಳೆ ನೋಡದೆ ಇಂಗ್ಲಿಷಿನಲ್ಲಿ ಬರೆಯಿರಿ. ಪಕ್ಕದಲ್ಲಿ ಇಟ್ಟುಕೊಂಡು ಸಾಲು ಸಾಲಾಗಿ ಅನುವಾದ ಮಾಡಿದರೆ ಅದು ಕನ್ನಡವೂ ಆಗಿರುವುದಿಲ್ಲ, ಇಂಗ್ಲಿಷೂ ಆಗಿರುವುದಿಲ್ಲ.

ಎರಡನೇ ಮಾತು ಸ್ವಲ್ಪ ಕಹಿ. ಪ್ರಬಂಧ ಬರೆಯುವ ಇಂಗ್ಲಿಷ್ ಬೇರೆ, ಆನರ್ಸ್ ಕ್ಲಾಸಿನಲ್ಲಿ ವಾರಕ್ಕೊಂದು ಪುಸ್ತಕ ಓದಿ ಎಲ್ಲರೆದುರು ಮಾತಾಡುವ ಇಂಗ್ಲಿಷ್ ಬೇರೆ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಬೇಕಾದ ಅಂಕ ಬಂದರೂ ಮೊದಲ ಆರು ತಿಂಗಳು ತುಂಬ ಕಷ್ಟ ಆಗುತ್ತದೆ. ನನ್ನ ವಿದ್ಯಾರ್ಥಿಗಳು ರಾತ್ರಿ ಫೋನ್ ಮಾಡಿ ಅತ್ತಿದ್ದಾರೆ. ಇವತ್ತಿನಿಂದ ದಿನಕ್ಕೆ ಹತ್ತು ಪುಟ ಇಂಗ್ಲಿಷ್ ಓದಿ, ಪಠ್ಯ ಬಿಟ್ಟು, ನಿಮಗೆ ಇಷ್ಟವಾದದ್ದು ಯಾವುದಾದರೂ ಸರಿ. ಅರ್ಜಿಗೆ ಅಂತಲ್ಲ. ಸೇರಿದ ಮೇಲೆ ಉಳಿಯಲಿಕ್ಕೆ.

ಏಜೆನ್ಸಿಯ 45 ಸಾವಿರ. ಕೊಡಬೇಡಿ. ಸಲಹೆ ಕೊಡುವುದು, ಪಟ್ಟಿ ಮಾಡಿಕೊಡುವುದು ಒಂದು ಸೇವೆ, ಅದಕ್ಕೆ ಹಣ ಕೇಳಿದರೆ ತಪ್ಪಿಲ್ಲ. ‘ಬರೆದುಕೊಡುತ್ತೇವೆ’ ಅನ್ನುವುದು ಮೋಸ. ಅರ್ಜಿ ಕಳಿಸುವಾಗ ‘ಇದೆಲ್ಲ ನನ್ನದೇ ಕೆಲಸ, ನಿಜ’ ಅಂತ ನೀವು ಸಹಿ ಹಾಕುತ್ತೀರಿ. ಸುಳ್ಳು ಅಂತ ಗೊತ್ತಾದರೆ ಕೊಟ್ಟ ಸೀಟನ್ನೂ ವಾಪಸ್ ತೆಗೆದುಕೊಳ್ಳಬಹುದು. ಅಪಾಯ ನಿಮ್ಮದು, ಅವರದ್ದಲ್ಲ. ಅಮೆರಿಕದ ಬಗ್ಗೆ ಮಾಹಿತಿ ಬೇಕಾದರೆ ಎಜುಕೇಶನ್‌ಯುಎಸ್‌ಎ ಅಂತ ಅಲ್ಲಿಯ ಸರ್ಕಾರದ ಸಲಹಾ ಜಾಲ ಇದೆ. ಮೊದಲು ಅಲ್ಲಿ ಕೇಳಿ.

ಚಾಟ್‌ಜಿಪಿಟಿ ಬಗ್ಗೆ: ಎಐ ಬರೆದದ್ದನ್ನು ತನ್ನದು ಅಂತ ಕೊಡುವುದನ್ನು ಕಾಮನ್ ಆ್ಯಪ್ 2023ರಿಂದ ತನ್ನ ವಂಚನೆಯ ನಿಯಮದಲ್ಲೇ ಸೇರಿಸಿದೆ. ಕಾಗುಣಿತ, ವ್ಯಾಕರಣ ನೋಡಿಸುವುದಕ್ಕೆ ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ನೀವು ಅರ್ಜಿ ಹಾಕುವ ಪ್ರತಿಯೊಂದರ ನಿಯಮ ಓದಿ. ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಯಂತ್ರಕ್ಕೆ ಗೊತ್ತಾಗುತ್ತೋ ಬಿಡುತ್ತೋ, ನನ್ನ ಅನುಭವ ಹೇಳುತ್ತೇನೆ. ಒಂದೇ ಹಾಸ್ಟೆಲ್‌ನ ಮೂರು ಹುಡುಗಿಯರು ಒಂದೇ ವಾರ ಮೂರು ಪ್ರಬಂಧ ತಂದರು. ಮೂರೂ ಮೊದಲ ಮಳೆಯ ಮಣ್ಣಿನ ವಾಸನೆಯಿಂದ ಶುರು, ಮೂರರಲ್ಲೂ ಅಜ್ಜಿಯ ಸುಕ್ಕುಗಟ್ಟಿದ ಕೈಗಳು. ತಪ್ಪಿಲ್ಲದ ಇಂಗ್ಲಿಷ್. ಹೆಸರು ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ನೋಟ್‌ಬುಕ್ಕಿನ ಎಣ್ಣೆ ಕಲೆ ಅಂಥ ಪ್ರಬಂಧದಲ್ಲಿ ಬರುವುದಿಲ್ಲ. ಅದು ಆ ಹುಡುಗನಿಗೆ ಮಾತ್ರ ಗೊತ್ತಿತ್ತು.

ನನ್ನಂಥ ಮೇಷ್ಟ್ರುಗಳಿಂದಲೂ ಅಪಾಯ ಇದೆ, ಅದನ್ನೂ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿಯ ಪ್ರಬಂಧವನ್ನು ನಾನೇ ತಿದ್ದಿ ತಿದ್ದಿ ‘ಚೆಂದ’ ಮಾಡಿದೆ. ಅವಳ ಒಂದು ಸಾದಾ ಪದ ತೆಗೆದು ನನಗಿಷ್ಟವಾದ ಪದ ಹಾಕಿದೆ. ಸಂದರ್ಶನದಲ್ಲಿ ಅದೇ ಪದ ಇಟ್ಟುಕೊಂಡು, ಇದರಿಂದ ನೀವು ಏನು ಹೇಳಬೇಕು ಅಂತಿದ್ದೀರಿ ಅಂತ ಕೇಳಿದರು. ಅವಳಿಗೆ ಹೇಳಲು ಆಗಲಿಲ್ಲ. ಹೊರಗೆ ಬಂದು ನನಗೆ ಫೋನ್ ಮಾಡಿ ‘ಸಾರಿ ಮೇಡಂ’ ಅಂದಳು. ಕ್ಷಮೆ ಕೇಳಬೇಕಾದವಳು ನಾನು. ಕೇಳಿದೆ. ಆವತ್ತಿನಿಂದ ಮಕ್ಕಳ ಹಾಳೆಯ ಮೇಲೆ ನಾನು ಪೆನ್ನು ಇಡುವುದಿಲ್ಲ. ಗೊತ್ತಾಗದ ಕಡೆ ಬೆರಳಿಟ್ಟು ‘ಇಲ್ಲಿ ಏನಾಯ್ತು?’ ಅಂತ ಕೇಳುತ್ತೇನೆ, ಅಷ್ಟೇ. ನಿಮಗೂ ಹಾಗೆ ಕೇಳುವ ಇಬ್ಬರು ಸಾಕು. ಒಬ್ಬರು ಇಂಗ್ಲಿಷ್ ಬಲ್ಲವರು, ಇನ್ನೊಬ್ಬರು ನಿಮ್ಮನ್ನು ಬಲ್ಲವರು. ನಾಲ್ಕು ಜನರಿಗೆ ತೋರಿಸಿದರೆ ನಾಲ್ಕು ದಿಕ್ಕಿಗೆ ಎಳೆಯುತ್ತಾರೆ.

ಸಮಯದ ವಿಷಯ. ಮಾರ್ಚ್‌ನಲ್ಲಿ ಪಿಯು ಪರೀಕ್ಷೆ, ಆಮೇಲೆ ಸಿಇಟಿ. ಡಿಸೆಂಬರ್‌ನಲ್ಲಿ ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತದೆ. ದಸರಾ ರಜೆಯೊಳಗೆ 650 ಪದದ ಪ್ರಬಂಧ ಒಂದು ರೂಪಕ್ಕೆ ಬರಲಿ. ಕಾಮನ್ ಆ್ಯಪ್‌ನಲ್ಲಿ ಏಳು ಪ್ರಶ್ನೆಗಳಿವೆ, ಕೊನೆಯದು ‘ನಿಮ್ಮಿಷ್ಟದ ವಿಷಯ’. ಹಾಗಾಗಿ ಪ್ರಶ್ನೆ ಆರಿಸುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 650 ಅನ್ನುವುದು ಗರಿಷ್ಠ, 250 ಕನಿಷ್ಠ. 500ಕ್ಕೆ ಮುಗಿದರೆ ಮುಗಿಸಿ. ಆನರ್ಸ್‌ನ ಬೇರೆ ಪ್ರಬಂಧಕ್ಕೆ ಬೇರೆ ಗಡುವು ಇರುತ್ತದೆ, ಕೆಲವು ಸಲ ಮುಖ್ಯ ಅರ್ಜಿಗಿಂತ ಮುಂಚೆಯೇ. ಅದನ್ನು ಗೋಡೆಯ ಮೇಲೆ ಬರೆದು ಅಂಟಿಸಿ.

ಪ್ರಬಂಧದ ಗಡಿಬಿಡಿಯಲ್ಲಿ ನಮ್ಮ ಕಡೆಯ ಮಕ್ಕಳು ಮರೆಯುವುದು ಕಾಗದ ಪತ್ರ. ಒಂಬತ್ತನೇ ತರಗತಿಯಿಂದ ಅಂಕಗಳು ಬೇಕು. ‘ಸ್ಕೂಲ್ ಕೌನ್ಸೆಲರ್’ ಅಂತ ಒಬ್ಬರ ಹೆಸರು ಕೇಳುತ್ತಾರೆ. ನಮ್ಮ ಪಿಯು ಕಾಲೇಜುಗಳಲ್ಲಿ ಅಂಥವರು ಇರುವುದಿಲ್ಲ, ಪ್ರಾಂಶುಪಾಲರೇ ಆ ಕೆಲಸ ಮಾಡಬಹುದು. ಅವರಿಗೆ ಇದು ಹೊಸದಾಗಿರುತ್ತದೆ. ಒಂದು ದಿನ ಬಿಡುವಾಗಿ ಕೂತು ತೋರಿಸಿಕೊಡಿ. ಶಿಫಾರಸು ಪತ್ರ ಬರೆಯುವ ಶಿಕ್ಷಕರಿಗೂ ನೀವು ಏನು ಬರೆಯುತ್ತಿದ್ದೀರಿ ಅಂತ ಹೇಳಿರಿ.

ಈ ಭಾನುವಾರ ಊರಿಗೆ ಹೋಗುವುದಾದರೆ ಎರಡು ಕೆಲಸ ಮಾಡಿ ಬನ್ನಿ. ಶನಿವಾರವೇ ಹೊರಟು, ಹೈಸ್ಕೂಲಿಗೆ ಹೋಗಿ ಒಂಬತ್ತನೇ ತರಗತಿಯ ಅಂಕಪಟ್ಟಿಗೆ ಅರ್ಜಿ ಕೊಡಿ, ಇಂಗ್ಲಿಷ್ ಪ್ರತಿಯೂ ಬೇಕು ಅಂತ ಅದರಲ್ಲೇ ಬರೆಯಿರಿ. ಸಂಜೆ ಅಪ್ಪನ ಪಕ್ಕ ಕೂತು, ಕಚ್ಚಿ ನೋಡುವುದನ್ನು ಅವರಿಗೆ ಯಾರು ಕಲಿಸಿದರು ಅಂತ ಕೇಳಿ. ಫೋನ್‌ನಲ್ಲಿ ರೆಕಾರ್ಡ್ ಆನ್ ಇರಲಿ. ಅವರು ಹೇಳಿದ್ದನ್ನು ಕನ್ನಡದಲ್ಲೇ, ಅವರ ಮಾತಿನಲ್ಲೇ ಬರೆದು ನನಗೆ ಕಳಿಸಿ. ಓದಿ, ಗೊತ್ತಾಗದ ಕಡೆ ಬೆರಳಿಟ್ಟು ಕೇಳುತ್ತೇನೆ.